ಕಳ್ಳನ ಪಾಳಿ

ಸಿನಿಮಾದಲ್ಲಿ ಪೊಲೀಸರು ಎಲ್ಲ ಮುಗಿದ ಮೇಲೆ ಬರುತ್ತಾರೆ. ಹೀರೋ ಹೊಡೆದು, ವಿಲನ್ ಬಿದ್ದು, ಕಂಬಕ್ಕೆ ಕಟ್ಟಿದ ತಾಯಿಯನ್ನು ಬಿಚ್ಚಿದ ಮೇಲೆ ಜೀಪು ಬರುತ್ತದೆ. ನಮ್ಮ ಓಣಿಗೆ ಮಾತ್ರ ಏನೂ ಶುರುವಾಗುವ ಮೊದಲೇ ಬರುತ್ತಾರೆ. ಊರಲ್ಲಿ ಕಳುವಾಗಿದೆ ಎಂಬುದು ನಮಗೆ ಗೊತ್ತಾಗುವುದೇ ಪೊಲೀಸರ ಸೈಕಲ್ಲು ಕಂಡಾಗ.

ನಮ್ಮೂರು ಮಿಶ್ರಿಕೋಟಿಗೂ ದುಮ್ಮವಾಡಕ್ಕೂ ನಡುವೆ ಎಲ್ಲೋ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಆಗ ನಮ್ಮ ಠಾಣೆಯಲ್ಲಿದ್ದ ಫೌಜದಾರರು ಹುಡುಕಿಕೊಂಡು ಬಂದಾರು, ಅವರಿಗ್ಯಾಕೆ ಬಸ್ಸಿನ ತ್ರಾಸು. ಊರ ಹೊರಗೆ, ಕೆರೆಯ ದಂಡೆಗೆ ಕೊರವರ ಓಣಿ. ನಾನು ಅಲ್ಲಿಯ ಪರಸಪ್ಪ. ಅಪ್ಪ ಅಂತ ಸೇರಿಸಿ ಕರೆಯುವವರು ಯಾರೂ ಇಲ್ಲ, ಹಾಗಾಗಿ ಪರಸ್ಯಾ. ಬುಟ್ಟಿ, ಹೆಡಗಿ, ಮೊರ, ಕಸಬರಿಗೆ ಮಾಡುವುದು ನಮ್ಮ ಕೆಲಸ. ಬಿದಿರು ಸೀಳುವಾಗ ಸಿಬಿರು ಉಗುರಿನ ಸಂದಿಗೆ ಹೋಗುತ್ತದೆ. ತೆಗೆಯಲು ಪುರಸೊತ್ತಿಲ್ಲ. ಅಲ್ಲೇ ಕೀವಾಗಿ, ಬೇಸರ ಬಂದಾಗ ತಾನೇ ಹೊರಗೆ ಬರುತ್ತದೆ. ಊರಿನ ಭತ್ತವೆಲ್ಲ ನಾವು ಹೆಣೆದ ಕಣಜದೊಳಗೆ. ಊರಿನ ಕಸವೆಲ್ಲ ನಾವು ಕಟ್ಟಿದ ಕಸಬರಿಗೆಯ ಮುಂದೆ. ಊರಿನ ಕಳುವೆಲ್ಲ ನಮ್ಮ ತಲೆಯ ಮೇಲೆ.

ಇಂಗ್ರೇಜಿ ಸರಕಾರ ಇದ್ದಾಗ ನಮ್ಮ ಜಾತಿಗೆ ಜಾತಿಯೇ ಕಳ್ಳರು ಎಂದು ಕಾನೂನು ಮಾಡಿದ್ದರಂತೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಗಾಳೆವ್ವ ಹೇಳುತ್ತಾಳೆ. ಹುಟ್ಟಿದ ಕೂಸೂ ಕಳ್ಳ. ಹಾಲು ಕುಡಿದರೆ ತಾಯಿಯ ಹಾಲು ಕದ್ದ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೆ ಆ ಕಾನೂನು ತೆಗೆದರು. ತೆಗೆದದ್ದನ್ನು ನಮ್ಮ ಠಾಣೆಗೆ ಹೇಳುವುದು ಮರೆತರು.

ಹಿಂದೆಲ್ಲ ಎಲ್ಲಿ ಕಳುವಾದರೂ ಪೊಲೀಸರು ಓಣಿಗೆ ನುಗ್ಗುತ್ತಿದ್ದರು. ಗಡಿಗೆ ಒಡೆಯುತ್ತಿದ್ದರು. ಹಿಟ್ಟು ಚೆಲ್ಲುತ್ತಿದ್ದರು. ಹೆಂಗಸರ ಸೆರಗಿಗೆ ಕೈ ಹಾಕಿ, ಒಡವೆ ಹುಡುಕುತ್ತಿದ್ದೇವೆ ಅನ್ನುತ್ತಿದ್ದರು. ಸಿಕ್ಕ ಗಂಡಸರನ್ನೆಲ್ಲ ಎಳೆದೊಯ್ಯುತ್ತಿದ್ದರು. ಆಗಿನ ಹಿರಿಯರು ಕೈಮುಗಿದು ಒಂದು ಮಾತು ಮಾಡಿಕೊಂಡರು. ನೀವು ಬರಬೇಡಿ, ನಾವೇ ಒಬ್ಬನನ್ನು ಕೊಡುತ್ತೇವೆ. ಅಂದಿನಿಂದ ಪಾಳಿ ಶುರುವಾಯಿತು. ಹೊಲದವರಿಗೆ ಕೆರೆಯ ನೀರಿನ ಪಾಳಿ ಇರುತ್ತದೆ, ಪೂಜಾರಿಗಳಿಗೆ ಗುಡಿಯ ದೀಪದ ಪಾಳಿ ಇರುತ್ತದೆ, ನಮಗೆ ಕಳ್ಳನಾಗುವ ಪಾಳಿ.

ಪಾಳಿಗೆ ನೇಮ ಇತ್ತು. ಮದುವೆಯಾದ ಗಂಡಸೇ ಹೋಗಬೇಕು. ಒಬ್ಬರ ಪಾಳಿ ಇನ್ನೊಬ್ಬರು ಮಾಡುವಂತಿಲ್ಲ. ಹೆಣ್ಣು ಕೊಡುವವರು ಹುಡುಗನ ಕುಡಿತ, ಜೂಜು ಏನನ್ನೂ ಕೇಳುತ್ತಿರಲಿಲ್ಲ, ಪಾಳಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದರು. ಈಗಷ್ಟೇ ಹೊಡೆತ ತಿಂದು ಬಂದ ಮನೆಗೆ ಒಳ್ಳೆಯ ಹೆಣ್ಣು ಸಿಗುತ್ತಿತ್ತು. ಠಾಣೆಗೆ ಒಯ್ಯಲೆಂದೇ ಓಣಿಗೆಲ್ಲ ಸೇರಿ ಒಂದು ಕಂಬಳಿ ಇತ್ತು. ಅದರಲ್ಲಿ ನಮ್ಮ ಎಲ್ಲ ಗಂಡಸರ ಬೆವರಿನ ವಾಸನೆ ಇತ್ತು. ಮೂಸಿ ನೋಡಿದರೆ ನೆಂಟಸ್ತನ ಹೇಳಬಹುದಿತ್ತು.

ಒಮ್ಮೆ ಊರ ಸಾಹುಕಾರ ಕುಬೇರಪ್ಪನವರ ಎತ್ತು ಕಳೆಯಿತು. ನಮ್ಮ ಸೋದರಮಾವ ಪಾಳಿಯಂತೆ ಹೋಗಿ ನಾನೇ ಕದ್ದೆ ಎಂದ. ಎತ್ತು ಬಮ್ಮಿಗಟ್ಟಿಯ ಕಡೆ ಯಾರದೋ ಹೊಲದಲ್ಲಿ ಹೊಟ್ಟೆ ತುಂಬ ಮೇಯ್ದು, ಬೇಸರ ಬಂದು, ತಾನೇ ಮನೆಗೆ ಬಂತು. ಮಾವ ಬರಲಿಲ್ಲ. ಎತ್ತು ಬಂತೆಂದು, ಒಪ್ಪಿಕೊಂಡ ಕಳ್ಳನನ್ನು ಬಿಡಲು ಬರುತ್ತದೆಯೇ. ಎತ್ತಿಗೆ ಜಾಮೀನು ಬೇಕಾಗಲಿಲ್ಲ, ಮಾವನಿಗೆ ಬೇಕಾಯಿತು.

ಈ ವ್ಯವಸ್ಥೆಯಲ್ಲಿ ನನಗೂ ಒಂದು ಕೆಲಸವಿತ್ತು. ನಾನು ಡೈಲಾಗ್ ಮಾಸ್ತರ. ಕಲಘಟಗಿಯ ಟೆಂಟಿನಲ್ಲಿ ಒಂದು ಸಿನಿಮಾವನ್ನು ಅದರ ರೀಲು ಸವೆಯುವ ತನಕ ನೋಡಿದವನು ನಾನು. ಠಾಣೆಯಲ್ಲಿ ಒಪ್ಪಿಕೊಳ್ಳುವ ತನಕ ಹೊಡೆಯುತ್ತಾರೆ. ಒಪ್ಪಿಗೆ ಲಗೂನೆ ಬಂದರೆ, ಅಂದವಾಗಿ ಬಂದರೆ, ಏಟು ಕಡಿಮೆ. ಅದಕ್ಕೆ ಪಾಳಿಯವರಿಗೆಲ್ಲ ನಾನು ಸಿನಿಮಾ ಕನ್ನಡದಲ್ಲಿ ಒಪ್ಪಿಗೆ ಕಲಿಸುತ್ತಿದ್ದೆ. "ಹೌದು ಸ್ವಾಮೀ, ನಾನೇ ಕದ್ದೆ. ನನ್ನನ್ನು ಕಳ್ಳನನ್ನಾಗಿ ಮಾಡಿದ್ದು ಈ ಹೊಟ್ಟೆ." ಇಷ್ಟು ಹೇಳಿ ಕೊರಳು ಬಗ್ಗಿಸಬೇಕು. ಕೋಳಿ ಕಳುವಿನ ಪಾಳಿಗೆ ಹೋದ ಒಬ್ಬ ಇದನ್ನು ಎಷ್ಟು ಚಲೋ ಹೇಳಿದನೆಂದರೆ, ಫೌಜದಾರರು ಇನ್ನೊಮ್ಮೆ ಹೇಳಿಸಿ ಕೇಳಿ ಬೀಡಿ ಕೊಟ್ಟು ಕಳಿಸಿದರು. ಓಣಿಯಲ್ಲಿ ನನ್ನ ಕಿಮ್ಮತ್ತು ಏರಿತು. ನನಗೆ ಮದುವೆಯಾಗಿರಲಿಲ್ಲ, ಪಾಳಿ ಇರಲಿಲ್ಲ. ಹಾಗಾಗಿ ನಗಲು ಪುರಸೊತ್ತಿತ್ತು.

ಆ ವರ್ಷ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮುಂಚೆ ಕುಬೇರಪ್ಪನವರ ಬಚ್ಚಲ ಮನೆಯ ತಾಮ್ರದ ಹಂಡೆ ಕಳುವಾಯಿತು. ಸಣ್ಣದಲ್ಲ. ಅದರೊಳಗೆ ಇಳಿದು ನಿಂತು ತಿಕ್ಕಬೇಕು, ಅಂಥ ಹಂಡೆ. ಒಲೆಗೆ ಮಣ್ಣು ಮೆತ್ತಿ ಕೂರಿಸಿದ್ದು.

ಮುಂಜಾನೆ ಪೊಲೀಸ್ ಅಂದಾನೆಪ್ಪನ ಸೈಕಲ್ಲು ಬಂತು. ಅಂದಾನೆಪ್ಪ ಕೆಟ್ಟ ಮನುಷ್ಯನಲ್ಲ. ನಮ್ಮ ನೀರು ಕುಡಿಯುತ್ತಿರಲಿಲ್ಲ, ಆದರೆ ನಮ್ಮ ಬೇವಿನ ಗಿಡದ ನೆರಳಲ್ಲಿ ಕೂಡುತ್ತಿದ್ದ. ಬಂದವನು ಸೈಕಲ್ಲನ್ನು ಗಿಡಕ್ಕೆ ಆನಿಸಿ, ಒಂದು ಹೊಸ ಬುಟ್ಟಿ ಎತ್ತಿ ತಳ ತಟ್ಟಿ ನೋಡಿ, ಹೆಂಡತಿ ಕೇಳಿದ್ದಳೆಂದು ಹೇಳಿ ಕ್ಯಾರಿಯರ್‌ಗೆ ಸಿಕ್ಕಿಸಿದ. ಆಮೇಲೆ ಹಾಲಿನವನು ಕೇಳುವ ಹಾಗೆ ಕೇಳಿದ.

"ಯಾರದೈತ್ರೋ ಪಾಳಿ?"

ಓಣಿಯ ಹಿರಿಯ ಲಚಮಪ್ಪ ತಲೆ ತಗ್ಗಿಸಿ ನಮ್ಮ ಮನೆಯ ಕಡೆ ಕೈ ತೋರಿಸಿದ. ಪಾಳಿ ನನ್ನ ಕಾಕಾನದು. ಹುಲಗಪ್ಪ ಕಾಕಾ, ಅಪ್ಪನ ತಮ್ಮ.

ಕಾಕಾನ ಬಗ್ಗೆ ಹೇಳಬೇಕು. ಅಪ್ಪ ತೀರಿದ ಮೇಲೆ ನನಗೆ ಅನ್ನ ಹಾಕಿದ್ದು ಅವನ ಕೈ. ಹಿಂದಿನ ಪಾಳಿಯಲ್ಲಿ ಅವನ ಎಡಗೈಗೆ ಬೆತ್ತ ಬಿದ್ದಿತ್ತು. ಬೆರಳು ಬಾಗಿ ಹಾಗೆಯೇ ಕೂತುಬಿಟ್ಟವು. ಬಿದಿರಿನ ಬುಡವನ್ನು ಎಡಗೈ ಹಿಡಿಯದಿದ್ದರೆ ಸೀಳಲು ಬರುವುದಿಲ್ಲ. ಕಾಕಾ ಬಿದಿರನ್ನು ಕಾಲ ಬೆರಳ ಸಂದಿಯಲ್ಲಿ ಹಿಡಿದು, ಬಲಗೈಯೊಂದರಲ್ಲೇ ಕತ್ತಿ ಹೊಡೆದು ಸೀಳುವುದನ್ನು ರೂಢಿ ಮಾಡಿಕೊಂಡ. ಈಗ ಮನೆ ನಡೆಯುತ್ತಿದ್ದುದು ಆ ಬಲಗೈಯ ಮೇಲೆ. ಅದೂ ಹೋದರೆ ಕಾಕಾ, ಕಾಕಿ ಚಂದ್ರವ್ವ, ಅವರ ಮಕ್ಕಳು ಎಲ್ಲರೂ ಬೀದಿಗೆ ಬಿದ್ದಂತೆ. ಇನ್ನೊಂದು ಮಾತು. ಆ ಠಾಣೆಯ ಬೆತ್ತವನ್ನು ಕಡಿದು, ಹದ ಮಾಡಿ, ಪುಕ್ಕಟೆ ಕೊಡುವವರೂ ನಾವೇ.

ನಾನು ಅಂದಾನೆಪ್ಪನ ಹತ್ತಿರ ಹೋಗಿ ಸಿನಿಮಾದ ವಕೀಲನ ಹಾಗೆ ಕೈ ಹಿಂದೆ ಕಟ್ಟಿ ನಿಂತೆ.

"ಅಂದಾನೆಪ್ಪಣ್ಣ, ಹಂಡೆ ಎತ್ತಾಕ ನಾಕ ಮಂದಿ ಬೇಕು. ನಮ್ಮ ಕಾಕಾಗ ಇರೂದು ಒಂದ ಕೈ. ಹೆಂಗ ಒಯ್ದ ಅಂತೀರಿ?"

"ಅದನ್ನ ಅವನ ಹೇಳ್ತಾನ ಬಿಡೋ, ಠಾಣ್ಯಾಗ," ಎಂದ ಅಂದಾನೆಪ್ಪ. ಅವನು ಚೇಷ್ಟೆ ಮಾಡಲಿಲ್ಲ. ನಿಜವಾಗಿಯೂ ಹಾಗೆ ತಿಳಿದಿದ್ದ.

ಕಾಕಾ ಒಳಗೆ ಹೋಗಿ ಔಡಲೆಣ್ಣೆ ತಂದು ಅಂಗೈಗೆ ತಿಕ್ಕತೊಡಗಿದ. ಎಣ್ಣೆ ಹಚ್ಚಿದರೆ ಚರ್ಮ ಸೀಳುವುದಿಲ್ಲ, ಬರೇ ಬಾತುಕೊಳ್ಳುತ್ತದೆ. ನಮ್ಮ ಓಣಿಯ ಚಿಕ್ಕ ಹುಡುಗರಿಗೂ ಈ ಔಷಧ ಗೊತ್ತು. ಕಾಕಿ ಹೊಸ್ತಿಲ ಮೇಲೆ ಕುಂತಳು, ರೊಟ್ಟಿ ಕಟ್ಟಲು ಏಳಲಿಲ್ಲ. ಲಚಮಪ್ಪ ಗೂಟದಿಂದ ಕಂಬಳಿ ಇಳಿಸಿ ತಂದ.

ನಾನು ನನ್ನ ಕೆಲಸ ಮಾಡಬೇಕಾಗಿತ್ತು. ಅಂದಾನೆಪ್ಪ ಬೀಡಿ ಸೇದುವಷ್ಟು ಹೊತ್ತು ನಮಗಿತ್ತು. ತಾಲೀಮು ಶುರು ಮಾಡಿದೆ. ಫೌಜದಾರನ ಪಾತ್ರಕ್ಕೆ ಯಾವಾಗಲೂ ಗಾಳೆವ್ವಾಯಿ. ಅವಳಷ್ಟು ಚೆನ್ನಾಗಿ ಬೈಯುವ ಫೌಜದಾರ ಜಿಲ್ಲೆಯಲ್ಲೇ ಇರಲಿಲ್ಲ. ಎಲೆ ಅಡಿಕೆ ಒಂದು ದವಡೆಗೆ ಒತ್ತಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಮುರಿದ ಹೆಡಗಿಯ ಮೇಲೆ ಕುರ್ಚಿಯಂತೆ ಕುಂತಳು. ಓಣಿಯೆಲ್ಲ ಸುತ್ತ ಸೇರಿತು. ಅಳಬೇಕಾದ ಹೊತ್ತಿನಲ್ಲಿ ನಾವು ಹೀಗೆ ನಕ್ಕು ಮುಗಿಸುತ್ತಿದ್ದೆವು.

ಆಯಿ ಗಂಟಲು ದಪ್ಪ ಮಾಡಿ, ಹಂಡೆ ಎಲ್ಲಿ ಎಂದು ಗದರಿಸಿದಳು. ಕಾಕಾ ಮಾರಿದೆ ಎಂದ. ಯಾರಿಗೆ ಎಂದಳು. ಕಾಕಾ ನನ್ನ ಮುಖ ನೋಡಿ, ಪರಸ್ಯಾ ಇನ್ನೂ ಅಲ್ಲೀಮಟ ಹೇಳಿಕೊಟ್ಟಿಲ್ಲ ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಂದಾನೆಪ್ಪನೂ ಗಿಡದ ಕೆಳಗಿಂದ ನಕ್ಕ. ಆಯಿಗೆ ಹುರುಪು ಏರಿತು. ಬಾಜುವಿನಲ್ಲಿ ಬಿದ್ದ ಬಿದಿರ ಸೀಳು ಎತ್ತಿಕೊಂಡಳು.

"ಕೈ ಚಾಚಲೇ ಹುಲಗ್ಯಾ."

ಕಾಕಾ ಎಡಗೈ ಚಾಚಿದ. ಬಾಗಿದ ಬೆರಳಿನ, ಕೆಟ್ಟುಹೋದ ಕೈ. ಬಲಗೈಯನ್ನು ಬೆನ್ನ ಹಿಂದೆ ಧೋತರದ ಗಂಟಿನೊಳಗೆ ತುರುಕಿದ. ಕಣ್ಣು ಮುಚ್ಚಿದ್ದ. ಅದು ನಾಟಕವಾಗಿರಲಿಲ್ಲ. ಕೋಲು ಎದ್ದದ್ದು ಕಂಡು ಮೈ ತಾನೇ ಮಾಡಿದ ಕೆಲಸ.

ನಗು ನಿಂತಿತು. ಆಯಿಯ ಕೈಯ ಬಿದಿರು ಮೇಲೆಯೇ ಉಳಿಯಿತು.

"ಲೇ, ಕಣ್ಣ ತಗಿ. ನಾನೋ," ಎಂದಳು. "ನಾ ನಿನ್ನ ಹಡದಾಕಿ. ನನ್ನ ಮುಂದ ಕೈ ಮುಚ್ಚಿಡ್ತಿ?"

ಕಾಕಾ ಕಣ್ಣು ತೆರೆದ. ಬಲಗೈ ಮಾತ್ರ ಹೊರಗೆ ತೆಗೆಯಲಿಲ್ಲ.

ಆಯಿ ಬಿದಿರನ್ನು ಮೊಣಕಾಲಿಗೆ ಹಚ್ಚಿ ಮುರಿದಳು. ಎಲೆ ಅಡಿಕೆ ಉಗುಳಿದಳು. ಆಮೇಲೆ ನನ್ನ ಕಡೆ ತಿರುಗಿದಳು. ನನಗೆ ಬೈಗುಳ ಬಿತ್ತೆಂದೇ ತಿಳಿದೆ. ಅವಳ ದನಿ ಮೆತ್ತಗಿತ್ತು.

"ಪರಸ್ಯಾ, ನಾವ ಫೌಜದಾರ ಆಗೇವಲ್ಲೋ. ಹೋಗಾವನ್ನ ಆರಿಸಾವ್ರು ನಾವು. ಕಲಸಾವ್ರು ನಾವು. ಕಂಬಳಿ ಕೊಟ್ಟು ಕಳಸಾವ್ರು ನಾವು. ಬೆತ್ತನೂ ನಮ್ಮದ. ಅವರ ಪಾಲಿಗೆ ಏನ ಕೆಲಸ ಉಳೀತು, ಹೊಡಿಯೂದೊಂದ."

ನನ್ನ ಹತ್ತಿರ ಅದಕ್ಕೆ ಡೈಲಾಗು ಇರಲಿಲ್ಲ.

"ಕಳ್ಳನ್ನ ಆರಿಸೂದು ಅವರ ಕೆಲಸ," ಎಂದಳು ಆಯಿ. "ಅದಕ್ಕ ಪಗಾರ ತಗೋತಾರ. ಇವತ್ತ ಅವರ ಆರಿಸಲಿ."

ಲಚಮಪ್ಪ ಹೆದರಿದ. ಪಾಳಿ ಮುರಿದರೆ ಅವರು ಮತ್ತೆ ಓಣಿಗೆ ನುಗ್ಗುತ್ತಾರೆ, ಗಡಿಗೆ ಉಳಿಯುವುದಿಲ್ಲ, ಮಾನ ಉಳಿಯುವುದಿಲ್ಲ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವನ ಅವ್ವನ ಸೆರಗಿಗೆ ಕೈ ಹಾಕಿದ್ದನ್ನು ಅವನು ಕಣ್ಣಾರೆ ಕಂಡವನು.

ಆಗ ಮಾತಾಡಿದವಳು ಕಾಕಿ ಚಂದ್ರವ್ವ. ಹೊಸ್ತಿಲಿಂದ ಎದ್ದು ಸೆರಗು ಸೊಂಟಕ್ಕೆ ಕಟ್ಟಿದಳು.

"ಅವರು ಬರೂಕ್ಕಿಂತ ಮೊದಲ ನಾವ ಹೋಗೂಣು. ಎಲ್ಲಾರೂ. ಅಲ್ಲೇನ ನಮ್ಮ ಗಡಿಗಿ ಇರ್ತಾವು ಒಡ್ಯಾಕ?"

ಆಯಿ ಕಂಬಳಿ ಎತ್ತಿ, ಈದ ಹಂದಿ ಮಲಗಿದ್ದ ಗೂಡಿಗೆ ಒಗೆದಳು. ಹಂದಿ ಮೂಸಿ ನೋಡಿ, ಎದ್ದು ದೂರ ಹೋಗಿ ಮಲಗಿತು.

ಅಂದಾನೆಪ್ಪನಿಗೆ ಹೇಳಿದಾಗ ಅವನಿಗೆ ಸಿಟ್ಟು ಬರಲಿಲ್ಲ, ದುಃಖವಾಯಿತು. ಇಷ್ಟು ವರ್ಷದ ವಿಶ್ವಾಸ, ನಾನೇನು ನಿಮಗೆ ಅನ್ಯಾಯ ಮಾಡಿದ್ದೆ ಎಂದು ಕೇಳಿದ. ಒಬ್ಬನನ್ನು ಕರಕೊಂಡು ಬಾ ಅಂದಿದ್ದಾರೆ, ಇಷ್ಟು ಮಂದಿಯನ್ನು ಎಲ್ಲಿ ಕೂರಿಸಲಿ ಅಂದ. ಸೈಕಲ್ಲಿಗೆ ಇದ್ದುದು ಒಂದೇ ಕ್ಯಾರಿಯರ್, ಅದರಲ್ಲೂ ಬುಟ್ಟಿ ಇತ್ತು. ನಾನು ಆ ಬುಟ್ಟಿ ತೆಗೆದು ಇಳಿಸಿದೆ. ಅವನು ನೋಡಿ, ಸೈಕಲ್ಲು ತಿರುಗಿಸಿದ. ಅದು ನಮ್ಮ ಓಣಿಗೆ ವಾಪಸು ಬಂದ ಮೊದಲ ಮಾಲು.

ಹೊರಟೆವು. ಮುಂದೆ ಸೈಕಲ್ಲು ನೂಕುತ್ತ ಅಂದಾನೆಪ್ಪ, ಹಿಂದೆ ಗಾಳೆವ್ವಾಯಿ, ಅವಳ ಹಿಂದೆ ಇಡೀ ಓಣಿ. ಹೆಂಗಸರು ಬಿದಿರು, ಕತ್ತಿ, ಅರ್ಧ ಹೆಣೆದ ಬುಟ್ಟಿ ಹೊತ್ತುಕೊಂಡರು. ಎಷ್ಟು ಹೊತ್ತಾಗುವುದೋ, ಕೆಲಸ ಕೆಡಬಾರದು. ಎರಡು ನಾಯಿ ಕರೆಯದೆ ಬಂದವು. ನಾನು ಮೆರವಣಿಗೆಯ ಬಾಜುವಿನಲ್ಲಿ ಡೈರೆಕ್ಟರನ ಹಾಗೆ ಓಡಾಡಿದೆ. ಊರವರು ಬಾಗಿಲಿಗೆ ಬಂದು ನೋಡಿದರು. ಕೊರವರು ಊರು ಬಿಡುತ್ತಿದ್ದಾರೆಂದು ಕೆಲವರು ತಿಳಿದರು. ಒಬ್ಬಳು ಓಡಿ ಬಂದು, ಹೋಗುವ ಮುಂಚೆ ನನ್ನ ಮೊರಕ್ಕೆ ತೇಪೆ ಹಾಕಿ ಹೋಗಿ ಎಂದಳು. ಬಸ್‌ ಸ್ಟ್ಯಾಂಡಿನಲ್ಲಿ ಪೇರಲ ಮಾರುವ ಜಮೀಲಾಬಿ ಎಲ್ಲಿಗೆ ಹೊಂಟೀರಿ ಎಂದು ಕೇಳಿದಳು. ಹೇಳಿದೆ. ಅವಳು ಬುಟ್ಟಿಯ ಮೇಲೆ ಗೋಣಿ ಮುಚ್ಚಿ ಎದ್ದಳು.

"ನಡ್ರಿ, ನಾನೂ ಬರ್ತೀನಿ. ನೀವು ಸಿಗದ ದಿನ ಅವರು ನಮ್ಮ ಓಣಿಗೆ ಬರ್ತಾರ."

ಠಾಣೆಯ ಅಂಗಳಕ್ಕೆ ಹೋಗಿ ಕುಂತೆವು. ಅಂಗಳ ತುಂಬಿತು. ಫೌಜದಾರರು ಹೊರಗೆ ಬಂದರು. ಹೊಟ್ಟೆ ಮುಂದೆ, ಟೋಪಿ ಹಿಂದೆ. ಬಾಜುವಿನ ಕುರ್ಚಿಯಲ್ಲಿ ಕುಬೇರಪ್ಪನವರು, ವಿಭೂತಿ ಹಚ್ಚಿ, ಹಂಡೆ ಹೋದ ಮುಖ ಮಾಡಿ ಕುಂತಿದ್ದರು. ಫೌಜದಾರರು ನಮ್ಮನ್ನು ಈ ಕೊನೆಯಿಂದ ಆ ಕೊನೆಗೆ ನೋಡಿ, ಇದೇನು ಜಾತ್ರೆ ಎಂದು ಅಂದಾನೆಪ್ಪನನ್ನು ಕೇಳಿದರು. ಅಂದಾನೆಪ್ಪ ಸೈಕಲ್ಲಿನ ಗಂಟೆಯನ್ನು ಒರೆಸುತ್ತ ನಿಂತ.

"ಪಾಳಿ ಯಾರದು ಹೇಳ್ರಲೇ, ಉಳಿದವ್ರು ಎದ್ದ ಹೋಗ್ರಿ," ಎಂದರು ಫೌಜದಾರರು.

"ಇವತ್ತ ನಿಮ್ಮದ್ರಿ," ಎಂದಳು ಆಯಿ.

"ಏನಂದಿ?"

"ಪಾಳಿ ನಿಮ್ಮದ್ರಿ ಸಾಹೇಬ್ರ. ನೀವ ಆರಿಸ್ರಿ. ಇವರಾಗ ಕಳ್ಳ ಯಾರು, ಕೈ ಮಾಡಿ ತೋರಿಸ್ರಿ. ನಾವು ಕಳಸ್ತೀವಿ."

ಫೌಜದಾರರು ಎಲ್ಲರನ್ನೂ ಒಳಗೆ ಹಾಕುತ್ತೇನೆಂದು ಗುಡುಗಿದರು. ಕಾಕಿ ಚಂದ್ರವ್ವ ಕೂಡಲೇ ಎದ್ದು ಲಾಕಪ್ಪಿನ ಒಳಗೆ ಹೋಗಿ ನೋಡಿ ಬಂದಳು. ಅಲ್ಲಿ ಜಪ್ತಿ ಮಾಡಿದ ಸೈಕಲ್ಲು, ಸೀಮೆಎಣ್ಣೆ ಡಬ್ಬಿ, ಯಾವುದೋ ಎಲೆಕ್ಷನ್ನಿನ ಬ್ಯಾನರು ಇದ್ದವು. ಇದರಲ್ಲಿ ನಮ್ಮ ಹಂದಿ ಸಹ ಮಲಗುವುದಿಲ್ಲ ಎಂದಳು. ಹೆಂಗಸರು ಕತ್ತಿ ತೆಗೆದು ಬಿದಿರು ಸೀಳಲು ಶುರು ಮಾಡಿದರು. ಅಂಗಳದ ಗೋಡೆಯ ಮೇಲೆ ಊರ ಮಂದಿ ಬಂದು ಕುಂತರು. ಟಿಕೀಟು ಹರಿದಿದ್ದರೆ ನಾನು ಶ್ರೀಮಂತನಾಗುತ್ತಿದ್ದೆ.

ಒಬ್ಬನ ಹೆಸರು ಬೇಕೇ ಬೇಕಾಗಿತ್ತು. ಫೌಜದಾರರು ಕುಬೇರಪ್ಪನವರ ಕಡೆ ತಿರುಗಿ, ನಿಮಗೆ ಯಾರ ಮೇಲೆ ಸಂಶಯ ಎಂದು ಕೇಳಿದರು.

"ಕೊರವರ ಮ್ಯಾಲ್ರಿ," ಎಂದರು ಅವರು.

ಯಾವ ಕೊರವ ಎಂದು ಕೇಳಿದಾಗ ಅವರಿಗೆ ಆಶ್ಚರ್ಯವಾಯಿತು. ಇಷ್ಟು ವರ್ಷ ಈ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ. ಕುರ್ಚಿಯಿಂದ ಎದ್ದು, ಕನ್ನಡಕ ಏರಿಸಿ, ಸಂತೆಯಲ್ಲಿ ಎತ್ತು ನೋಡುವ ಹಾಗೆ ನಮ್ಮ ನಡುವೆ ನಡೆದರು. ಕಾಕಾನ ಮುಂದೆ ನಿಂತರು. ಕೈ ಎತ್ತಿದರು. ಅಷ್ಟರಲ್ಲಿ ನೆನಪಾಯಿತು, ಭತ್ತ ಕೊಯ್ಲಿಗೆ ಬಂದಿದೆ, ಹೊಸ ಕಣಜ ಹುಲಗಪ್ಪನೇ ಹೆಣೆಯಬೇಕು. ಕೈ ಇಳಿಸಿದರು. ಲಚಮಪ್ಪನ ಮುಂದೆ ನಿಂತರು. ಹಬ್ಬಕ್ಕೆ ಕಸಬರಿಗೆ ಅವನೇ ತರಬೇಕು. ಮುಂದೆ ಹೋದರು. ಗಾಳೆವ್ವಾಯಿ ತಾನಾಗಿಯೇ ಎದ್ದು ನಿಂತು, ನನ್ನನ್ನು ಹಿಡಿಯಿರಿ ಎಂದಳು. ಅವರ ಹೆಂಡತಿ ಶಾರದವ್ವನ ಮುಂಗೈಗೆ ಹಚ್ಚೆ ಚುಚ್ಚಿದವಳು ಇವಳು. ಕುಬೇರಪ್ಪನವರು ಕೆಮ್ಮಿದರು. ಒಬ್ಬೊಬ್ಬರ ಮುಂದೆಯೂ ನಿಂತರು. ಒಬ್ಬೊಬ್ಬರ ಹತ್ತಿರವೂ ಒಂದೊಂದು ಕೆಲಸ ಬಾಕಿ ಇತ್ತು. ಕೊರವರು ಕಳ್ಳರು, ಅದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಒಬ್ಬ ಕೊರವನೂ ಮಾತ್ರ ಸಿಗುತ್ತಿರಲಿಲ್ಲ.

ಕೊನೆಗೆ ಅವರು ಬೆವರು ಒರೆಸಿಕೊಂಡು ಫೌಜದಾರರಿಗೆ, ನೀವೇ ಯಾರನ್ನಾದರೂ ನೋಡಿ ಮಾಡಿ ಎಂದರು, ಹೋಟೆಲಿನಲ್ಲಿ ತಿಂಡಿ ಹೇಳುವವರ ಹಾಗೆ.

ನನಗೆ ನಗು ಬಂತು. ತಡೆದೆ. ತಡೆದದ್ದು ಮೂಗಿನಿಂದ ಬಂತು. ಆಮೇಲೆ ಬಾಯಿಯಿಂದಲೂ ಬಂತು.

"ಇವನ," ಎಂದರು ಫೌಜದಾರರು. ಬೆತ್ತ ನನ್ನ ಎದೆಗೆ ತಾಗಿತು.

ಕಾಕಾ ಎದ್ದು ನಿಂತ. ಪಾಳಿ ನನ್ನದು, ಅವನಿಗೆ ಮದುವೆಯಾಗಿಲ್ಲ ಎಂದ. ಆಯಿ ಅವನನ್ನು ಕೈ ಹಿಡಿದು ಕೂರಿಸಿದಳು. ಆಮೇಲೆ ಫೌಜದಾರರ ಕಡೆ ತಿರುಗಿದಳು.

"ಯಾಕ್ರಿ ಇವನು?"

"ನಗಾಕತ್ತಾನ."

"ನಗೂದು ಕಾನೂನಿನ ಯಾವ ಕಲಮಿನಾಗ ಬರ್ತೈತ್ರಿ?"

ಗೋಡೆಯ ಮೇಲಿನ ಮಂದಿ ನಕ್ಕರು. ಫೌಜದಾರರು ನನ್ನ ಅಂಗಿಯ ಕೊರಳು ಹಿಡಿದು ಒಳಗೆ ಎಳೆದೊಯ್ದರು.

ಒಳಗೆ ಕತ್ತಲೆ, ಸೀಮೆಎಣ್ಣೆ ವಾಸನೆ. ಒಂದು ಕಿಟಕಿ, ಅಂಗಳದ ಕಡೆಗೆ. ಮೇಜಿನ ಹಿಂದೆ ಅಂದಾನೆಪ್ಪ ಕಾಗದ ಹಿಡಿದು ಕುಂತ. ಸಿನಿಮಾದಲ್ಲಿ ಇಂಥ ಕಡೆ ಹೀರೋ ಎದೆ ಉಬ್ಬಿಸಿ ನಿಲ್ಲುತ್ತಾನೆ, ಹಿಂದಿನಿಂದ ಬಾಜಾ ಬಜಾಯಿಸುತ್ತಾರೆ. ನನ್ನ ಹಿಂದೆ ಸುಣ್ಣ ಉದುರುವ ಗೋಡೆ ಇತ್ತು. ಓಣಿಗೆಲ್ಲ ಕಲಿಸಿದ ಒಪ್ಪಿಗೆ ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ಹೌದು ಸ್ವಾಮೀ, ನಾನೇ. ಅಷ್ಟು ಅಂದರೆ ಮುಗಿಯುತ್ತಿತ್ತು. ಚಲೋ ಹೇಳಿದರೆ ಬೀಡಿಯೂ ಸಿಗುತ್ತಿತ್ತು.

"ಹಂಡೆ ನೀನ ಕದ್ದಿ," ಎಂದರು ಫೌಜದಾರರು.

"ನಾ ಕದ್ದಿಲ್ರಿ."

ಹೇಳಿದ ಮೇಲೆ ನನಗೇ ಗಾಬರಿಯಾಯಿತು. ನಮ್ಮ ಓಣಿಯವರು ಯಾರೂ ಆ ಕೋಣೆಯಲ್ಲಿ ಆ ಮಾತು ಅಂದಿರಲಿಲ್ಲ. ನಾನೇ ಅನ್ನಗೊಟ್ಟಿರಲಿಲ್ಲ. ಅಂದಾನೆಪ್ಪ ಕಾಗದದಿಂದ ತಲೆ ಎತ್ತಿದ.

"ಕೈ ಚಾಚು."

ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಬೆತ್ತ ಮೇಲೆದ್ದಿತು. ಅದು ಇನ್ನೂ ಮೇಲೆ ಇರುವಾಗಲೇ ನಾನು ಜೀವ ಹೋದಂತೆ ಚೀರಿದೆ. ಹೊರಗೆ ನಾಯಿ ಬೊಗಳಿದವು. ಗೋಡೆಯ ಮೇಲಿಂದ ಯಾರೋ ಏನಾಯಿತು ಎಂದು ಕೂಗಿದರು. ಫೌಜದಾರರು ಬೆಚ್ಚಿ ಬೆತ್ತ ಇಳಿಸಿದರು.

"ಇನ್ನೂ ಹೊಡದ ಇಲ್ಲಲ್ಲೋ ಸೂಳೇಮಗನ. ಯಾಕ ಚೀರ್ತಿ?"

"ನಮ್ಮ ಮಂದಿ ಹೊಡದಾಗ ಚೀರಂಗಿಲ್ರಿ. ಹಲ್ಲ ಕಚ್ಚಿ ಸುಮ್ನಿರ್ತಾರ. ಅದಕ್ಕ ಎಲ್ಲಾರದೂ ನಾನ ಚೀರಾಕತ್ತೀನ್ರಿ."

ಆಗ ಹೊಡೆದರು. ಭುಜಕ್ಕೆ ಬಿತ್ತು, ಬೆನ್ನಿಗೆ ಬಿತ್ತು, ಕಾಲಿಗೆ ಬಿತ್ತು. ನಮ್ಮ ಬೆತ್ತ, ನಮ್ಮ ಹದ, ಚಲೋ ಮಾಲು. ಅದು ಮೈಗೆ ಬಿದ್ದಾಗ ಮೊದಲು ಬಿಸಿ, ಆಮೇಲೆ ತಣ್ಣಗೆ, ಆಮೇಲೆ ಮೈಯೆಲ್ಲ ಒಂದೇ ಕಡೆ ಬಂದು ಸೇರಿದಂತೆ ಆಗುತ್ತದೆ. ನಗುವವನಿಗೂ ಹಾಗೆಯೇ ಆಗುತ್ತದೆ. ಮೂತ್ರ ಬಂತು. ಅದನ್ನು ಮುಚ್ಚಿಡುವುದಿಲ್ಲ, ಹೀರೋಗೆ ಬರುವುದಿಲ್ಲ, ನನಗೆ ಬಂತು. ಕೈ ಮಾತ್ರ ಕಂಕುಳಿಂದ ತೆಗೆಯಲಿಲ್ಲ. ಪ್ರತಿ ಸಲ ಚೀರಿದೆ. ಪ್ರತಿ ಸಲ ಚೀರಿದ ಮೇಲೆ ಕದ್ದಿಲ್ಲ ಎಂದೆ.

ಹೊರಗೆ ಬಿದಿರು ಸೀಳುವ ಸದ್ದು ನಿಂತಿತ್ತು. ಬಾಗಿಲು ಬಡಿಯತೊಡಗಿದರು. ಕೊರವರಷ್ಟೇ ಬಡಿಯುತ್ತಿರಲಿಲ್ಲ, ಜಮೀಲಾಬಿಯ ದನಿಯೂ ಕೇಳುತ್ತಿತ್ತು. ಸಾಕು ಮಾಡಿ, ನನ್ನ ಹೆಸರು ಇದರಲ್ಲಿ ಬರುವುದು ಬೇಡ ಎಂದು ಕುಬೇರಪ್ಪನವರು ಕಿಟಕಿಯಿಂದ ಗೋಗರೆದರು. ಫೌಜದಾರರು ಏದುಸಿರು ಬಿಡುತ್ತ ಬೆತ್ತ ಮೇಜಿನ ಮೇಲೆ ಒಗೆದು ನೀರು ಕುಡಿದರು.

ಅಂದಾನೆಪ್ಪ ಪೆನ್ನು ಹಿಡಿದು ಕಾದ. ಆಮೇಲೆ ಕೇಳಿದ, ಏನಂತ ಬರೆಯಲಿ. ಸಾಹೇಬರು ಇನ್ನೊಮ್ಮೆ ನೀರು ಕುಡಿದರು. ಅಂದಾನೆಪ್ಪನಿಗೆ ಒಪ್ಪಿಕೊಂಡಿದ್ದಾನೆ ಎಂಬುದನ್ನು ಬರೆದು ಬರೆದು ಕೈ ಪಳಗಿತ್ತು. ಇನ್ನೊಂದು ಬಗೆ ಬರೆದು ರೂಢಿ ಇರಲಿಲ್ಲ.

ನಾನು ನೆಲದ ಮೇಲಿಂದ ಹೇಳಿದೆ. "ಕದ್ದಿಲ್ಲ ಅಂತಾನ, ಅಂತ ಬರಿ ಅಣ್ಣಾ. ಒಂದ ಸಾಲ."

ಅವನು ಸಾಹೇಬರ ಮುಖ ನೋಡಿದ. ನನ್ನ ಮುಖ ನೋಡಿದ. ತಲೆ ತಗ್ಗಿಸಿ ನಿಧಾನವಾಗಿ ಬರೆದ.

ಫೌಜದಾರರು ಬಾಗಿಲಿನ ಮಂದಿಯನ್ನು ಸರಿಸಲು ಹೊರಗೆ ಹೋದರು. ನಾನು ಗೋಡೆ ಹಿಡಿದು ಎದ್ದು ಕಿಟಕಿಗೆ ಬಂದೆ. ಕಾಕಾ ಅಲ್ಲಿ ನಿಂತಿದ್ದ. ಬಲಗೈಯಿಂದ ಸರಳು ಹಿಡಿದಿದ್ದ.

"ಏನಂದ್ಯೋ ತಮ್ಮಾ?"

"ಕದ್ದಿಲ್ಲ ಅಂದೆ."

"ಆಮ್ಯಾಲ?"

"ಹೊಡದ್ರು."

"ಆಮ್ಯಾಲ?"

"ಮತ್ತ ಅದನ್ನ ಅಂದೆ. ಬ್ಯಾರೆ ಡೈಲಾಗ ನೆಪ್ಪಾಗಲಿಲ್ಲ ಕಾಕಾ."

ಅವನ ಬಾಯಿ ಸೊಟ್ಟಗಾಯಿತು. ಅಳುತ್ತಾನೆ ಅಂದುಕೊಂಡೆ. ಅವನು ನಕ್ಕ. ತಿರುಗಿ ಅಂಗಳಕ್ಕೆ ಕೇಳುವ ಹಾಗೆ ಅದನ್ನೇ ಹೇಳಿದ. ಮೊದಲು ಆಯಿ ನಕ್ಕಳು, ಹಲ್ಲಿಲ್ಲದ ಬಾಯಿ ಅಗಲಿಸಿ. ಕಾಕಿ ನಕ್ಕಳು. ಲಚಮಪ್ಪ ಹೆದರುತ್ತ ಹೆದರುತ್ತ ನಕ್ಕ. ಜಮೀಲಾಬಿ ನಕ್ಕಳು. ಗೋಡೆಯ ಮೇಲಿನವರೂ ನಕ್ಕರು. ಯಾಕೆ ನಗುತ್ತಿದ್ದೇವೆ ಎಂದು ಅವರಿಗೆ ಪೂರಾ ಗೊತ್ತಿತ್ತೋ ಇಲ್ಲವೋ.

ಅಂಗಳದ ನಡುವೆ ಫೌಜದಾರರು ನಿಂತಿದ್ದರು. ಸುತ್ತ ಒಮ್ಮೆ ತಿರುಗಿದರು. ಮತ್ತೊಮ್ಮೆ ತಿರುಗಿದರು. ಯಾರನ್ನು ಹಿಡಿಯಬೇಕೆಂದು ಅವರಿಗೆ ತಿಳಿಯಲಿಲ್ಲ.